ಅವ್ವನ ಕೈ ಹೋದ ಕಡೆಯೆಲ್ಲ ಚಾಕ್‌ಪೀಸ್ ಗುರುತು

ಕಲಬುರಗಿ
9 ನವೆಂಬರ್ 2025, ಭಾನುವಾರ, ರಾತ್ರಿ 10.30

ಇವತ್ತಿನ ದಿನ ಪೂರಾ ಬಚ್ಚಲಿಗೇ ಹೋಯಿತು. ಬೆಳಿಗ್ಗೆ ಎಂಟಕ್ಕೆ ಟೇಪು, ಚಾಕ್‌ಪೀಸು, ಒಂದು ಹಳೆ ನೋಟ್‌ಬುಕ್ಕು ಹಿಡಿದು ಒಳಗೆ ಹೋದೆ. ಹೊರಗೆ ಬಂದಾಗ ಹನ್ನೊಂದಾಗಿತ್ತು. ಸಂಜೆ ಲೆಕ್ಕಕ್ಕೆ ಕೂತವಳು ಈಗ ಎದ್ದೆ.

ಅವ್ವ ಬಿದ್ದದ್ದು ಸೆಪ್ಟೆಂಬರ್ 14ರ ಬೆಳಿಗ್ಗೆ. ಸ್ನಾನ ಮುಗಿಸಿ ಏಳುವಾಗ ಸೋಪಿನ ನೀರಿನ ಮೇಲೆ ಕಾಲು ಜಾರಿತು. ಬೀಳುವಾಗ ಕೈ ಊರಿದ್ದಕ್ಕೆ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿ ಎರಡು ವಾರ ಆಯಿತು, ಈಗಲೂ ಆ ಕೈಯಲ್ಲಿ ತಂಬಿಗೆ ಎತ್ತುವುದಕ್ಕೆ ಆಗುವುದಿಲ್ಲ. ಅವ್ವನಿಗೆ 72. ಇನ್ನೊಂದು ಸಲ ಬೀಳುವುದಕ್ಕೆ ನಾನು ಬಿಡುವುದಿಲ್ಲ. ಬಚ್ಚಲು ಹೊಸದಾಗಿ ಕಟ್ಟಿಸೋಣ ಅಂತ ಅವತ್ತೇ ನಿರ್ಧಾರ ಆಯಿತು.

ನಮ್ಮದು 1983ರಲ್ಲಿ ಅಪ್ಪ ಕಟ್ಟಿಸಿದ ಮನೆ. ಇಡೀ ಮನೆಗೆ ಶಹಾಬಾದ್ ಪರಸಿ, ಬಚ್ಚಲಿಗೂ ಅದೇ. ಪರಸಿ ಒಳ್ಳೆಯ ಕಲ್ಲು. ಬೇಸಿಗೆಯಲ್ಲಿ ಹೊರಗೆ 42 ಡಿಗ್ರಿ ಇದ್ದರೂ ನಡುಮನೆಯ ಪರಸಿ ಮೇಲೆ ಮಲಗಿದರೆ ಬೆನ್ನಿಗೆ ತಂಪು. ಆದರೆ ಬಚ್ಚಲಲ್ಲಿ ನಲವತ್ತು ವರ್ಷ ನೀರು ಬಿದ್ದು, ಕಾಲು ಓಡಾಡಿ, ಕಲ್ಲಿನ ಮೈ ಗಾಜಿನ ಹಾಗೆ ನುಣುಪಾಗಿದೆ. ಕೆಲವು ಕಡೆ ಸಣ್ಣ ಸಣ್ಣ ಕುಳಿ ಬಿದ್ದು ಅಲ್ಲಿ ಪಾಚಿ ಕಟ್ಟಿದೆ. ಆ ಕುಳಿಗಳಿಗೆ ಕಾರಣ ನಾವೇ. ಬೋರಿನ ನೀರಿನ ಬಿಳಿ ಕಲೆ ಹೋಗಲಿ ಅಂತ ತಿಂಗಳಿಗೊಮ್ಮೆ ಆಸಿಡ್ ಸುರಿದು ತಿಕ್ಕುತ್ತಿದ್ದೆವು. ಸುರಿದ ಕೂಡಲೇ ಬುಸುಬುಸು ನೊರೆ ಬರುತ್ತಿತ್ತು. ಕೊಳೆ ಹೋಗುತ್ತಿದೆ ಅಂದುಕೊಂಡಿದ್ದೆವು, ಕರಗುತ್ತಿದ್ದದ್ದು ಕಲ್ಲು. ಪರಸಿ ಅಂದರೆ ಸುಣ್ಣದ ಕಲ್ಲು ಅಲ್ವಾ, ವಾಡಿ, ಸೇಡಂ ಕಡೆ ಸಿಮೆಂಟ್ ಮಾಡುವುದೂ ಸುಣ್ಣದ ಕಲ್ಲಿನಿಂದಲೇ. ಅದಕ್ಕೆ ಆಸಿಡ್ ತಾಗಬಾರದು. ಮನೆಯಲ್ಲಿ ಪರಸಿ ಇರುವವರು ದಯವಿಟ್ಟು ಇವತ್ತೇ ಆ ಬಾಟಲಿ ಬದಿಗಿಡಿ. ಸೋಪಿನ ನೀರು, ಗಟ್ಟಿ ಬ್ರಷ್ಷು ಸಾಕು.

ಮೊದಲು ನಾನು ಹೋದದ್ದು ಒಂದು ಶೋರೂಮಿಗೆ. ಅಲ್ಲಿ ಪೂರ್ತಿ ಬಾತ್‌ರೂಮಿಗೆ 2,40,000 ಅಂತ ಒಂದು ಪ್ಯಾಕೇಜು ತೋರಿಸಿದರು. ಗಾಜಿನ ತಡೆ, ಗೋಡೆಗೆ ನೇತುಬಿಡುವ ಕಮೋಡು, ಮಳೆಯ ಹಾಗೆ ಸುರಿಯುವ ಶವರು. ಚಂದವೇ ಇತ್ತು. ಆದರೆ ನೆಲದ ಇಳಿಜಾರು ಎಷ್ಟು, ಅವ್ವ ಹಿಡಿದುಕೊಳ್ಳುವುದು ಏನನ್ನು ಅಂತ ಕೇಳಿದರೆ ಉತ್ತರ ಬರಲಿಲ್ಲ. ಅಲ್ಲಿಂದ ಎದ್ದು ಬಂದೆ. ಬಚ್ಚಲು ಯಾರಿಗಾಗಿ ಕಟ್ಟಿಸುತ್ತೇವೋ ಅವರಿಂದಲೇ ಲೆಕ್ಕ ಶುರುವಾಗಬೇಕು ಅಂತ ಅವತ್ತು ಅನಿಸಿತು.

ಅದಕ್ಕೇ ಇವತ್ತು ಬೆಳಿಗ್ಗೆ ಅವ್ವನನ್ನು ಬಚ್ಚಲಿಗೆ ಕರೆದೆ. "ನೀ ದಿನಾ ಹೆಂಗ ಬರ್ತಿ, ಹಂಗೇ ಬಾ. ನಾ ಇಲ್ಲ ಅಂತ ತಿಳ್ಕೊ" ಅಂದೆ. ನೆಲ ಒಣಗಿತ್ತು, ಅವ್ವ ಸೀರೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ಹೊಸ್ತಿಲು ನಾಲ್ಕು ಇಂಚು ಎತ್ತರ. ದಾಟುವ ಮೊದಲೇ ಎಡಗೈ ಗೋಡೆಗೆ ಹೋಯಿತು. ಅಂಗೈ ಪೂರ್ತಿ ಅಲ್ಲ, ಬೆರಳ ತುದಿಗಳಷ್ಟೇ. ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದೆ. ಅಳೆದರೆ ನೆಲದಿಂದ 33 ಇಂಚು. ಆಮೇಲೆ ಮಣೆ ಮೇಲೆ ಕೂರುವಾಗ ಕೈ ನಲ್ಲಿಯ ಕತ್ತು ಹಿಡಿಯಿತು. ಏಳುವಾಗ ತಾಮ್ರದ ಹಂಡೆಯ ಅಂಚು ಹಿಡಿಯಿತು. ಹಂಡೆಯೇನು ಗಟ್ಟಿಯಾಗಿ ಕೂತಿದೆಯಾ? ನೀರು ಕಡಿಮೆ ಇದ್ದರೆ ಅದೇ ವಾಲುತ್ತದೆ. ಇಷ್ಟು ವರ್ಷ ಅವ್ವ ನಲ್ಲಿಯನ್ನೂ ಹಂಡೆಯನ್ನೂ ನಂಬಿಕೊಂಡು ಎದ್ದು ಕೂತು ಮಾಡಿದ್ದಾಳೆ, ನಾನು ಒಂದು ದಿನವೂ ನೋಡಿರಲಿಲ್ಲ. ಅದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ.

ಕೊನೆಗೆ ಗೋಡೆ ಮೇಲೆ ಐದು ಗುರುತು ಆದವು. ಎರಡು ಒಂದಕ್ಕೊಂದು ಹತ್ತಿರ ಇದ್ದವು, ಇನ್ನೆರಡೂ ಹಾಗೇ. ಅಂದರೆ ಮೂರು ಹಿಡಿಕೆ ಸಾಕು. ಬಾಗಿಲ ಪಕ್ಕ ಒಂದು, ಕೂರುವ ಜಾಗದಲ್ಲಿ ಒಂದು, ಮುಂದೆ ಕಮೋಡು ಬರುವ ಜಾಗದ ಪಕ್ಕ ಒಂದು. ಹಿಡಿಕೆ ಸ್ಟೀಲಿನದು, ಇಟ್ಟಿಗೆಯ ಒಳಗೆ ಆಂಕರ್ ಬೋಲ್ಟ್ ಹಾಕಿ ಕೂಡಿಸಬೇಕು. ಟವೆಲ್ ಹಾಕುವ ರಾಡು ಅದೇ ಥರ ಕಂಡರೂ ಮೈ ಭಾರ ತಡೆಯುವುದಿಲ್ಲ. ಅವ್ವನ ಮಂಡಿಯ ಎತ್ತರವನ್ನೂ ಅಳೆದೆ, 17 ಇಂಚು. ಕಮೋಡಿನ ಸೀಟು ಅಷ್ಟೇ ಎತ್ತರಕ್ಕೆ ಬರಬೇಕು. ಸಂಡಾಸು ಈಗ ಹಿತ್ತಲಲ್ಲಿದೆ, ರಾತ್ರಿ ಹೊತ್ತು ಅವ್ವ ಅಲ್ಲಿಗೆ ಹೋಗುವುದೇ ದೊಡ್ಡ ಚಿಂತೆ. ಇನ್ನು ಮೇಲೆ ಅದೂ ಒಳಗೇ.

ಹತ್ತು ಗಂಟೆಗೆ ಗೌಂಡಿ ಕಾಕಾ ಬಂದರು. ಈ ಓಣಿಯ ಅರ್ಧ ಮನೆಗಳ ಕೆಲಸ ಅವರದೇ. ನಾನು ಟೈಲ್ಸ್ ಬಣ್ಣದ ಮಾತು ತೆಗೆದರೆ ಅವರು ತಂಬಿಗೆ ನೀರು ತಂದು ಬಾಗಿಲ ಹತ್ತಿರ ಸುರಿದರು. ನೀರು ಹೊರಗೆ ಹೋಗುವ ಜಾಲಿಯ ಕಡೆ ಅದು ಹರಿಯಲಿಲ್ಲ. ಮೂಲೆಗೆ ಹರಿದು ಗೋಡೆಯ ಬುಡದಲ್ಲಿ ನಿಂತಿತು. "ಮೊದಲ ನೀರು ಹೋಗೋ ದಾರಿ ನೋಡ್ರಿ ಅಕ್ಕಾ, ಬಣ್ಣ ಆಮ್ಯಾಲೆ ನೋಡೋಣು" ಅಂದರು.

ಆ ಗೋಡೆಯ ಆಚೆ ಕಡೆ ನಮ್ಮ ಕಾಳುಕಡಿ ಕೋಣೆ. ತೊಗರಿಬೇಳೆಯ ಡಬ್ಬ, ಜೋಳದ ಚೀಲ ಎಲ್ಲ ಅಲ್ಲೇ. ಈ ಸಲ ಸೆಪ್ಟೆಂಬರಿನಲ್ಲಿ ಭೀಮೆ ತುಂಬಿ ಹರಿದ ಆ ಮಳೆಗಾಲ ಪೂರ್ತಿ ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದು ಉದುರಿತ್ತು. ಮಳೆಯದೇ ತೇವ ಅಂದುಕೊಂಡಿದ್ದೆ. ಕಾಕಾ ಉಗುರಿನಿಂದ ಕೆರೆದು ಬಿಳಿ ಪುಡಿ ತೋರಿಸಿದರು. ಗೋಡೆ ಬಚ್ಚಲ ನೀರು ಕುಡಿದು ಉಪ್ಪು ಕಾರುತ್ತಿದೆಯಂತೆ. ಮಳೆ ನಿಂತ ಮೇಲೂ ಒಣಗದೆ ಇರುವುದು ಅದಕ್ಕೇ.

ಹಾಗಾಗಿ ಕೆಲಸ ಹೀಗೆ ನಿಂತಿತು. ಪರಸಿ ಎಲ್ಲ ಎಬ್ಬಿಸಿ ನೆಲ ಅಗೆಯುವುದು. ಕಮೋಡಿಗೆ ನಾಲ್ಕು ಇಂಚಿನ ಪೈಪು, ಹಿತ್ತಲ ಚೇಂಬರಿನವರೆಗೆ ಹತ್ತು ಅಡಿಗೆ ಮೂರು ಇಂಚು ಇಳಿಜಾರು. ಸ್ನಾನದ ನೀರಿಗೆ ಬೇರೆ ಪೈಪು. ಅದಕ್ಕೆ ನಹಾನಿ ಟ್ರ್ಯಾಪು, ಒಳಗೆ ಎರಡು ಇಂಚು ನೀರು ನಿಲ್ಲುವಂಥದ್ದು. ಆ ನೀರೇ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ಬಾಗಿಲಿಂದ ಜಾಲಿಗೆ ಏಳು ಅಡಿ, ಒಂದು ಇಂಚು ಇಳಿಜಾರು ಸಾಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಅವ್ವನಿಗೆ ನಿಲ್ಲುವುದು ಕಷ್ಟ. ಮೇಲೆ ವಾಟರ್‌ಪ್ರೂಫಿಂಗು, ನೆಲಕ್ಕೂ ಗೋಡೆಗೆ ಮೂರು ಅಡಿಯವರೆಗೂ. ಆಮೇಲೆ ಜಾಲಿ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ ಪೆನ್ಸಿಲಿನಿಂದ ಗುರುತು ಮಾಡಿ 48 ಗಂಟೆ ಬಿಡಬೇಕು. ನೀರು ಇಳಿದರೆ ಟೈಲ್ಸ್ ಇಲ್ಲ, ಮತ್ತೆ ಮೊದಲಿಂದ. ಎರಡು ದಿನ ಸುಮ್ನೆ ಕೂರಬೇಕಾಗುತ್ತದೆ ಅಂತ ಈ ಪರೀಕ್ಷೆ ಬಿಡುವವರೇ ಜಾಸ್ತಿ. ನಾನು ಬಿಡುವುದಿಲ್ಲ ಅಂದೆ. ಕಾಕಾಗೂ ಖುಷಿಯಾಯಿತು.

ಬಾಗಿಲನ್ನು 24 ಇಂಚಿನಿಂದ 30ಕ್ಕೆ ಅಗಲ ಮಾಡುತ್ತೇವೆ. ಅದು ಹೊರಗೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಒಳಗೆ ತಳ್ಳುವ ಬಾಗಿಲು ತೆರೆಯುವುದೇ ಇಲ್ಲ. ಅವತ್ತು ಅವ್ವ ಬಿದ್ದಾಗ ನನಗೆ ಆದದ್ದು ಅದೇ. ಚಿಲಕವೂ ಹೊರಗಿನಿಂದ ತೆಗೆಯುವಂಥದ್ದು. ಹೊಸ್ತಿಲು ಅರ್ಧ ಇಂಚಿಗೆ ಇಳಿಯುತ್ತದೆ.

ಈಗ ದುಡ್ಡಿನ ಮಾತು. ಭಿಶಿ (ಚೀಟಿ) ಎತ್ತಿದ್ದು, ಉಳಿತಾಯದ್ದು ಸೇರಿ ಕೈಯಲ್ಲಿ 1,50,000 ಇದೆ. ಅದರಲ್ಲಿ 15,000 ಮೊದಲೇ ತೆಗೆದು ಬೇರೆ ಲಕೋಟೆಯಲ್ಲಿ ಇಟ್ಟೆ. ಹಳೆ ಮನೆ ಅಗೆದಾಗ ಏನು ಸಿಗುತ್ತದೋ ಯಾರಿಗೆ ಗೊತ್ತು. ಉಳಿದ 1,35,000ದೊಳಗೆ ಮುಗಿಯಬೇಕು.

ಒಡೆದು ಕಸ ಸಾಗಿಸುವುದಕ್ಕೆ 9,000. ಗೌಂಡಿ, ಕೂಲಿಯವರಿಗೆ 20,000. ಸಿಮೆಂಟು, ಉಸುಕು, ಇಟ್ಟಿಗೆ 12,000. ಸಿಮೆಂಟ್ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ಕ್ಕೆ 28 ಪರ್ಸೆಂಟಿನಿಂದ 18 ಪರ್ಸೆಂಟಿಗೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಯೇ ದುಡ್ಡು ಕೊಡಬೇಕು. ವಾಟರ್‌ಪ್ರೂಫಿಂಗ್ 7,500. ಪೈಪು, ಚೇಂಬರು ಎಲ್ಲ ಸೇರಿ 16,500, ಪ್ಲಂಬರ್ ಕೂಲಿ 9,000. ಇಲ್ಲಿಗೇ 74,000 ಆಯಿತು. ಕೆಲಸ ಮುಗಿದ ಮೇಲೆ ಇದರಲ್ಲಿ ಕಣ್ಣಿಗೆ ಕಾಣುವುದು ಹೆಚ್ಚೇನೂ ಇಲ್ಲ. ಆದರೂ ಇದರಲ್ಲಿ ಒಂದು ರೂಪಾಯಿಯನ್ನೂ ನಾನು ಕಡಿಮೆ ಮಾಡುವುದಿಲ್ಲ. ಬಣ್ಣ ಹಿಡಿಸದಿದ್ದರೆ ಟೈಲ್ಸ್ ಜೊತೆ ಬದುಕಬಹುದು, ಸೋರುವ ಪೈಪಿನ ಜೊತೆ ಆಗುವುದಿಲ್ಲ.

ಟೈಲ್ಸ್ ಲೆಕ್ಕ ಸುಲಭ. ಬಚ್ಚಲು ಏಳು ಅಡಿ, ಐದು ಅಡಿ. ನೆಲ 35 ಚದರಡಿ. ಗೋಡೆಗಳ ಸುತ್ತಳತೆ 24 ಅಡಿ, ಏಳು ಅಡಿ ಎತ್ತರ ಹಿಡಿದರೆ 168, ಬಾಗಿಲು ಕಳೆದರೆ ಸುಮಾರು 150. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಹತ್ತು ಪರ್ಸೆಂಟ್ ಜಾಸ್ತಿ. ಅಂಟು, ಗ್ರೌಟು ಸೇರಿ 13,800. ಛಾವಣಿಯವರೆಗೆ ಹಾಕಿಸಿ ಅಂತ ತಮ್ಮ ಹೇಳಿದ. ಇನ್ನೂ ಮೂರು ಅಡಿ ಅಂದರೆ 72 ಚದರಡಿ, ಕೂಲಿ ಸೇರಿ 6,300. ಅಷ್ಟು ಎತ್ತರಕ್ಕೆ ನೀರು ಹಾರುವುದಿಲ್ಲ, ಅಲ್ಲಿ ಬಣ್ಣ ಸಾಕು ಅಂದೆ. ನೆಲಕ್ಕೆ ಒಂದಡಿ ಚೌಕದ, ಹೊಳಪಿಲ್ಲದ, ಕೈಯಾಡಿಸಿದರೆ ತರಿತರಿ ಇರುವ ಟೈಲ್ಸ್. ಸಣ್ಣ ಟೈಲ್ಸ್ ಆದರೆ ಇಳಿಜಾರು ಸರಿಯಾಗಿ ಬರುತ್ತದೆ, ಸಂದುಗಳಲ್ಲಿ ಕಾಲಿಗೆ ಹಿಡಿತವೂ ಸಿಗುತ್ತದೆ. ಅಂಗಡಿಯಲ್ಲಿ ತುಂಡೊಂದರ ಮೇಲೆ ನೀರು ಹಾಕಿಸಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ನೋಡಿದ ಮೇಲೇ ಒಪ್ಪಿದ್ದು.

ಕಮೋಡು 9,500. ನಲ್ಲಿಗಳು, ಮೂರು ಹಿಡಿಕೆ ಸೇರಿ 11,000. ಮಳೆ ಶವರು ಬೇಡವೇ ಬೇಡ. ನಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 640 ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿಗೆ 200 ಒಳಗಿರಬೇಕು, ಬೇರೆ ಗತಿ ಇಲ್ಲದಿದ್ದರೆ 600ರವರೆಗೆ ಅನ್ನುತ್ತದೆ ಮಾನದಂಡ. ಈ ನೀರಿಗೆ ಶವರಿನ ಸಣ್ಣ ತೂತುಗಳು ಆರು ತಿಂಗಳಲ್ಲಿ ಮುಚ್ಚಿಹೋಗುತ್ತವೆ. ಉದ್ದ ಪೈಪಿನ ಕೈ ಶವರು ಸಾಕು, ಅವ್ವ ಕೂತಲ್ಲೇ ಹಿಡಿಯಬಹುದು.

ಗೀಸರು 15 ಲೀಟರಿನದು, 9,000. ಎರಡು ಕಿಲೋವ್ಯಾಟಿನದು, ಇಪ್ಪತ್ತು ನಿಮಿಷದಲ್ಲಿ ಸ್ನಾನದ ನೀರು ಕಾಯುತ್ತದೆ, ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟು. ಅದಕ್ಕೆ 16 ಆಂಪಿಯರ್ ಪಾಯಿಂಟು, ದಪ್ಪ ವೈರು, ಗಟ್ಟಿ ಅರ್ಥಿಂಗು, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಕೈಗೆ ಕರೆಂಟ್ ತಾಗಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಈ ವೈರಿಂಗ್ ಕೆಲಸ, ಫ್ಯಾನು, ಕೂಲಿ ಎಲ್ಲ ಸೇರಿ 8,500. ಬಾಗಿಲು, ಕಿಟಕಿ 7,000. ಒಟ್ಟು 1,32,800. ಮೂರು ಸಲ ಕೂಡಿಸಿ ನೋಡಿದೆ.

ಕೆಲಸ 24ರ ಸೋಮವಾರ ಶುರು. ಧನುರ್ಮಾಸ ಬರುವುದರೊಳಗೆ ಮುಗಿಯಲಿ ಅನ್ನುವುದು ಅವ್ವನ ಆಸೆ. ನನಗೂ ಈ ಚಳಿಗಾಲವೇ ಸರಿ ಅನಿಸಿತು. ಏಪ್ರಿಲ್‌ಗೆ ಇಟ್ಟುಕೊಂಡರೆ ನಮ್ಮೂರ ಬಿಸಿಲಿಗೆ ಗಿಲಾವು ಹಸಿ ಇರುವಾಗಲೇ ಒಣಗಿ ಬಿರುಕು ಬಿಡುತ್ತದೆ, ನೀರು ಉಣಿಸೋಣ ಅಂದರೆ ಬೋರಿನಲ್ಲಿ ನೀರಿರುವುದಿಲ್ಲ. ಅಲ್ಲಿಯವರೆಗೆ ಹಿತ್ತಲಲ್ಲಿ ತಗಡು ಕಟ್ಟಿ ಸ್ನಾನ. ಅವ್ವ ಮಾತ್ರ ಪಕ್ಕದ ಮನೆಗೆ ಹೋಗಿ ಬರುತ್ತಾಳೆ, ಅವರೇ ಬಂದು ಕರೆದರು.

ಒಂದೇ ಒಂದು ವಿಷಯಕ್ಕೆ ಅವ್ವ ಬೇಜಾರಾಗಿದ್ದಳು. "ನಿಮ್ಮಪ್ಪ ಒಂದೊಂದು ಕಲ್ಲು ಆರಿಸಿ ತಂದಿದ್ರು. ಎಲ್ಲಾ ಒಡದು ಟ್ರ್ಯಾಕ್ಟರಿಗೆ ಹಾಕ್ತೀರೇನು?" ಅಂದಳು. ನನಗೆ ಮಾತು ಬರಲಿಲ್ಲ. ಕಾಕಾ ಏನೂ ಹೇಳದೆ ಹೋಗಿ ಒಲೆ ಪಕ್ಕದ ಮೂರಡಿ ಉದ್ದದ ಕಲ್ಲಿನ ಸಂದಿಗೆ ಹಾರೆ ಹಾಕಿದರು. ಅದು ಮೊದಲೇ ಸಡಿಲಾಗಿತ್ತು. ಎಬ್ಬಿಸಿ ಗೋಡೆಗೆ ಆನಿಸಿ, ಅಂಟಿದ ಹಳೆ ಗಾರೆಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ತೊಳೆದರು. ಕೆಳಗಿನ ಮೈ ಹೊಸದಾಗಿಯೇ ಇತ್ತು. ಬೂದು ನೀಲಿ ಬಣ್ಣ, ಗಣಿಯಲ್ಲಿ ಪದರ ಬಿಟ್ಟುಬಂದ ತರಿ ಹಾಗೇ ಉಳಿದಿತ್ತು. ಒಂದು ಕುಳಿಯೂ ಇಲ್ಲ. "ಇದನ್ನ ಮಗುಚಿ ಹಾಕಿ, ಕೆಳಗ ಎರಡು ಇಟ್ಟಂಗಿ ಕಟ್ಟಿ ಕೊಡ್ತೀನಿ. ಕುಂತು ಜಳಕ ಮಾಡ್ರಿ" ಅಂದರು.

ಅವ್ವ ಬಲಗೈಯನ್ನೇ ಚಾಚಿದಳು. ಕಲ್ಲಿನ ಮೇಲೆ ಆ ಕಡೆಯಿಂದ ಈ ಕಡೆಗೆ ಒಮ್ಮೆ ಕೈಯಾಡಿಸಿದಳು.

ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲು ಅದೇ: ಕೂರುವ ಕಲ್ಲು, ಎತ್ತರ 17 ಇಂಚು, ಮನೆಯದೇ. ಕಲ್ಲು ಈಗ ಹಿತ್ತಲ ಗೋಡೆಗೆ ಆನಿಸಿದೆ, ಮೇಲೆ ಗೋಣಿಚೀಲ ಹೊದಿಸಿದ್ದೇನೆ. ಉಳಿದ ಪರಸಿಯನ್ನೂ ಮಗುಚಿ ಬಟ್ಟೆ ಒಗೆಯುವ ಜಾಗಕ್ಕೆ ಹಾಕಲು ಬರುತ್ತದಾ ಅಂತ ನಾಳೆ ಕಾಕಾರನ್ನು ಕೇಳಬೇಕು.