ಅಷ್ಟೂರಿನ ದಾರಿಯಲ್ಲಿ ಒಂದು ಜೌಗು

ಬೀದರ್‌ಗೆ ಹೋಗಿದ್ದು ಕೋಟೆ ನೋಡಲು. ಜುಲೈ ತಿಂಗಳು, ಎರಡು ದಿನ ಬಿಡದೆ ಮಳೆ. ಕೋಟೆ, ಗವಾನ್ ಮದರಸಾ, ಊರ ಪಕ್ಕದ ಅಷ್ಟೂರಿನಲ್ಲಿರುವ ಸುಲ್ತಾನರ ಗೋರಿ ಗುಮ್ಮಟಗಳು ಎಲ್ಲಾ ನೋಡಿದೆ. ಆದರೆ ಊರಿಗೆ ಬಂದ ಮೇಲೂ ಕಿವಿಯಲ್ಲಿ ಉಳಿದಿರುವುದು ಅಷ್ಟೂರಿನಿಂದ ವಾಪಸ್ ಬರುವಾಗ, ಹೊಲದ ಬದುವಿನ ಪಕ್ಕ ಕೇಳಿದ ಗದ್ದಲ.

ಮೊಣಕಾಲುದ್ದ ಹುಲ್ಲು, ಗೇಣುದ್ದ ನೀರು. ಇಷ್ಟು ಜೋರಾಗಿ ಕೂಗಬೇಕಾದರೆ ದೊಡ್ಡ ಗೋಂಕರು ಕಪ್ಪೆಗಳೇ ಇರಬೇಕು ಅಂದುಕೊಂಡೆ. ಹತ್ತಿರ ಹೋದ ತಕ್ಷಣ ಎಲ್ಲಾ ಗಪ್‌ಚಿಪ್. ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಶುರು ಮಾಡಿತು, ಹಿಂದೆಯೇ ಹತ್ತಾರು. ಹುಲ್ಲಿನ ಬುಡಕ್ಕೆ ಟಾರ್ಚ್ ಬಿಟ್ಟೆ. ಕೂಗುತ್ತಿದ್ದದ್ದು ನನ್ನ ಹೆಬ್ಬೆರಳಿನ ತುದಿಯಷ್ಟೂ ಇಲ್ಲ! ಗಂಟಲಿನ ಚೀಲ ಉಬ್ಬಿದರೆ ಕಪ್ಪೆಯೇ ಕಾಣುತ್ತಿರಲಿಲ್ಲ.

ಇದು ಮೈಕ್ರೋಹೈಲಾ ಕುಲದ ಕಪ್ಪೆ. ಚೂಪು ಮೂತಿ, ಕಿರಿದಾದ ಬಾಯಿ, ಬೆನ್ನ ಮೇಲೆ ಕಂದು ಬಣ್ಣದ ಚಿತ್ತಾರ. ಇರುವೆ, ಗೆದ್ದಲು ಇದರ ಊಟ. ಬೇಸಿಗೆಯೆಲ್ಲ ಮಣ್ಣಿನ ಸಂದಿಯಲ್ಲೋ ಕಲ್ಲಿನಡಿಯಲ್ಲೋ ಅಡಗಿರುತ್ತದೆ. ಮಳೆ ಬಿದ್ದು ನೀರು ನಿಂತರೆ ಸಾಕು, ಗಂಡುಗಳು ಕೂಗುತ್ತವೆ, ಹೆಣ್ಣುಗಳು ನೀರಿನ ಮೇಲೆ ತೆಳ್ಳನೆ ಹಾಳೆಯ ಹಾಗೆ ಮೊಟ್ಟೆ ಹರಡುತ್ತವೆ. ನೀರು ಆರುವಷ್ಟರಲ್ಲಿ ಮರಿಗೆ ಕಾಲು ಮೂಡಬೇಕು. ಆ ಅವಸರ ಆ ಕೂಗಿನಲ್ಲೇ ಕೇಳಿಸುತ್ತೆ ಅನಿಸಿತು ನನಗೆ.

"ಏನ್ ನೋಡ್ಲತ್ತಿ ತಮ್ಮಾ?" ಹೊಲದಿಂದ ಬಂದ ಮುತ್ಯಾ ಕೇಳಿದರು.

"ಕಪ್ಪೆ, ಮುತ್ಯಾ."

"ಕಪ್ಪಿ ಏನ್ ನೋಡ್ತಿ? ಮಳಿ ಬಂದ್ರ ಒದರ್ತಾವ."

ಖಾಲಿ ಬಾಟಲಿಯಲ್ಲಿ ಜೌಗಿನ ನೀರನ್ನು ಕಪ್ಪೆ ಮರಿಗಳ ಸಮೇತ ತುಂಬಿ ಟಾರ್ಚಿಗೆ ಹಿಡಿದು ಕೊಟ್ಟೆ. ಮುತ್ಯಾ ಕಣ್ಣು ಕಿರಿದು ಮಾಡಿ ನೋಡಿದರು. ಇದರ ಮರಿಯ ಮೈ ಗಾಜಿನಷ್ಟು ತಿಳಿ. ನೀರಿನ ನಡುವೆ ಅಲ್ಲಾಡದೆ ನಿಂತಿರುತ್ತದೆ, ನೀರನ್ನೇ ಸೋಸಿ ತಿನ್ನುತ್ತದೆ.

"ಬರೇ ಕಣ್ಣ ಕಾಣ್ಲತ್ತಾವಲ್ಲೋ! ಮೈ ಎಲ್ಲದ?"

ಹೊಟ್ಟೆಯ ಕರಿ ಚುಕ್ಕೆ ತೋರಿಸಿದೆ. ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು. ಸಣ್ಣವರಿದ್ದಾಗ ಮಳೆ ಬಾರದಿದ್ದರೆ ಗುರ್ಜಿ ಆಡುತ್ತಿದ್ದದ್ದು, ಅಂದರೆ ಮಳೆ ಬೇಡುತ್ತಾ ಮನೆಮನೆ ಸುತ್ತುತ್ತಿದ್ದದ್ದು ಹೇಳಿದರು. ಆಮೇಲೆ ತಟ್ಟನೆ, "ಎಣ್ಣಿ ಹೊಡ್ದ ಪಂಪ್ ಇದ್ರಾಗೇ ತೊಳೀತೀನಿ. ಇವಕ್ಕ ತ್ರಾಸ ಆಗ್ತದೇನು?" ಅಂದರು. ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ.

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರಲ್ಲಿರುವ ವಿಷ ಸೀದಾ ಮೈಗೆ ಇಳಿಯುತ್ತದೆ ಅಂದೆ. ಮುತ್ಯಾ ಏನೂ ಮಾತಾಡಲಿಲ್ಲ. ಬಗ್ಗಿ ಬಾಟಲಿಯ ನೀರನ್ನು ಮೆಲ್ಲಗೆ, ಒಂದು ಮರಿಯೂ ಉಳಿಯದ ಹಾಗೆ, ಜೌಗಿಗೇ ಬಿಟ್ಟರು.

ಏಳು ಗಂಟೆಗೆ ಬರುತ್ತೇನೆ ಅಂದಿದ್ದ ಆಟೋದವನು ಬರಲೇ ಇಲ್ಲ. ಹೋಗಿ ಬರುವ ದುಡ್ಡು ಮೊದಲೇ ಕೊಟ್ಟಿದ್ದೆ, ಅದು ಈಗಲೂ ಉರಿಯುತ್ತದೆ. ನೀವು ಹೋದರೆ ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ, ಟಾರ್ಚಿಗೆ ಇನ್ನೊಂದು ಸೆಲ್ ಒಯ್ಯಿರಿ. ನನ್ನದು ಅರ್ಧ ದಾರಿಯಲ್ಲೇ ಆರಿತು. ಕತ್ತಲಲ್ಲಿ ಬಹಳ ದೂರದವರೆಗೆ ಆ ಕೂಗು ಬೆನ್ನ ಹಿಂದೆ ಬರುತ್ತಲೇ ಇತ್ತು.