‘ಅಂತರ್ಜಾಲದಲ್ಲಿ ಇದೆಯಲ್ಲ’ ಎನ್ನುವವರಿಗೆ

2023ರ ಅಕ್ಟೋಬರ್ 28ರಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆಯಿತು. ರೈಸಿಡಾ ಎಂಬ ಗುಂಪು 20 ಬಿಟ್‌ಕಾಯಿನ್ ಕೇಳಿತು, ಲೈಬ್ರರಿ ಕೊಡಲಿಲ್ಲ, ಕದ್ದ ಸುಮಾರು 600 ಜಿಬಿ ಮಾಹಿತಿಯನ್ನು ಅವರು ಬಯಲಿಗೆ ಸುರಿದರು. ಪತ್ರಿಕೆಗಳ ಪಾಲಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಹದಿನಾಲ್ಕು, ಹದಿನೈದನೇ ಶತಮಾನದ ಇಂಗ್ಲಿಷ್ ಸಾಹಿತ್ಯವನ್ನೇ ನಂಬಿ ಬದುಕುವ ನಮಗೆ ಮಾತ್ರ ಕೆಲಸವೇ ನಿಂತಿತು. ಕ್ಯಾಟಲಾಗ್ 2024ರ ಜನವರಿ 15ರಂದು ಹುಡುಕಾಟಕ್ಕಷ್ಟೇ ಮರಳಿತು. ಹಸ್ತಪ್ರತಿಗಳ ಚಿತ್ರಗಳು ಮರಳಲು ಇನ್ನೂ ಬಹಳ ಕಾಲ ಹಿಡಿಯಿತು. ಅಲ್ಲಿನ ಸಿಬ್ಬಂದಿ ಆ ತಿಂಗಳುಗಳಲ್ಲಿ ಪಟ್ಟ ಪಾಡಿನ ಬಗ್ಗೆ ನನಗೆ ಗೌರವವಷ್ಟೇ ಇದೆ. ನನ್ನ ತಕರಾರು ನಮ್ಮದೇ ವಿಶ್ವವಿದ್ಯಾಲಯದ ಕಡೆಗೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಎಂದರೆ ಅಚ್ಚಾದ ಪುಸ್ತಕ, ಅಡಿಟಿಪ್ಪಣಿ, ಪರೀಕ್ಷೆ. ಅವನ ‘ಕ್ಯಾಂಟರ್ಬರಿ ಟೇಲ್ಸ್’ಗೆ ತುಣುಕುಗಳೂ ಸೇರಿ 80ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ, ಅವುಗಳಲ್ಲಿ ಕವಿಯ ಕೈಬರಹದ್ದು ಎನ್ನಬಹುದಾದದ್ದು ಒಂದೂ ಇಲ್ಲ ಎಂಬುದು ಇಂಗ್ಲೆಂಡಿಗೆ ಬಂದ ಮೇಲೆಯೇ ಮನಸ್ಸಿಗೆ ನಾಟಿತು. ಪಿಎಚ್‌.ಡಿ., ಆಮೇಲೆ ಊರಿಂದೂರಿಗೆ ಗುತ್ತಿಗೆ ನೌಕರಿಗಳು, ಕೊನೆಗೆ ಉತ್ತರ ಇಂಗ್ಲೆಂಡಿನಲ್ಲಿ ಒಂದು ಕಾಯಂ ಹುದ್ದೆ. ನಾನು ಕಲಿಸುವ ಪ್ರಾಚೀನ ಲಿಪಿಯ ತರಗತಿ, ವಿದ್ಯಾರ್ಥಿಗಳು ಕಡಿಮೆ ಎಂಬ ಕಾರಣಕ್ಕೆ, ಪ್ರತಿ ವರ್ಷ ರದ್ದತಿಯ ಪಟ್ಟಿಗೆ ಬರುತ್ತದೆ. ಪ್ರತಿ ವರ್ಷ ಹೋರಾಡಿ ಉಳಿಸಿಕೊಳ್ಳುತ್ತೇನೆ.

ನನ್ನ ಬಳಿ ಸಂಶೋಧನೆ ಮಾಡುತ್ತಿದ್ದವಳ ವಿಷಯ ಬ್ರಿಟಿಷ್ ಲೈಬ್ರರಿಯ ಒಂದು ಹಸ್ತಪ್ರತಿ, ಅಡಿಷನಲ್ 37790. ನಾರ್ವಿಚ್‌ನ ಅನುಭಾವಿ ಜೂಲಿಯನ್ 1373ರ ಮೇ ತಿಂಗಳಲ್ಲಿ ಕಂಡ ದರ್ಶನಗಳ ಸಂಕ್ಷಿಪ್ತ ಪಾಠ ಉಳಿದಿರುವುದು ಈ ಒಂದೇ ಸಂಪುಟದಲ್ಲಿ. ಆಕೆ 1413ರಲ್ಲಿ ಇನ್ನೂ ಬದುಕಿದ್ದಳು ಎಂದು ಪೀಠಿಕೆಯಲ್ಲಿ ಹೇಳಿರುವುದೂ ಇದರಲ್ಲೇ. ಧರ್ಮದ್ರೋಹದ ಆರೋಪದ ಮೇಲೆ 1310ರಲ್ಲಿ ಪ್ಯಾರಿಸ್ಸಿನಲ್ಲಿ ಸುಡಲ್ಪಟ್ಟ ಮಾರ್ಗರೀಟ್ ಪೊರೇಟ್‌ಳ ಕೃತಿಯ ಇಂಗ್ಲಿಷ್ ಅನುವಾದ, ಬರೆದವಳ ಹೆಸರೇ ಇಲ್ಲದೆ, ಅದೇ ರಟ್ಟುಗಳ ನಡುವೆ ಇದೆ. ಶೀನ್ ಮಠದ, ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿ ಜೇಮ್ಸ್ ಗ್ರೀನ್‌ಹಾಲ್ ಈ ಸಂಪುಟವನ್ನು ಓದಿ ಅಂಚಿನಲ್ಲಿ ಗುರುತು ಹಾಕಿದ್ದಾನೆ. ಅವನು ಎಲ್ಲಿ ನಿಂತ, ಏನನ್ನು ತಿದ್ದಿದ ಎಂಬುದೇ ಅವಳ ಪ್ರಬಂಧ.

ದಾಳಿಗೂ ಮೊದಲು ಅವಳು ಲಂಡನ್ನಿಗೆ ಹೋಗಲು ಪ್ರವಾಸಧನ ಕೇಳಿದ್ದಳು. ‘ಪೂರ್ಣ ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯ’ ಎಂದು ಸಮಿತಿ ತಿರಸ್ಕರಿಸಿತು. ಚರ್ಮದ ಹಾಳೆಯನ್ನು ಕೆರೆದು ಅಳಿಸಿದ ಜಾಗ ಓರೆಬೆಳಕಿನಲ್ಲಿ ಮಾತ್ರ ಕಾಣುತ್ತದೆ, ಪರದೆಯಲ್ಲಿ ಅಲ್ಲ ಎಂದು ನಾನು ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ. ಅದೇ ವರ್ಷ ನಮ್ಮ ಗ್ರಂಥಾಲಯ ಜಾಗದ ಕೊರತೆ ಹೇಳಿ, ಹಸ್ತಪ್ರತಿಗಳ ಪುಟಗಳನ್ನು ಕಿರಿದಾಗಿ ಚಿತ್ರಿಸಿಟ್ಟ ಮೈಕ್ರೋಫಿಲ್ಮ್ ಸುರುಳಿಗಳ ಕಪಾಟುಗಳನ್ನು ವಿಲೇವಾರಿ ಪಟ್ಟಿಗೆ ಸೇರಿಸಿತ್ತು.

ಅವಳ ಅಪ್‌ಗ್ರೇಡ್, ಅಂದರೆ ಪಿಎಚ್‌.ಡಿ. ಮುಂದುವರಿಸಬಹುದೇ ಎಂದು ನಿರ್ಧರಿಸುವ ಮೌಖಿಕ ಪರೀಕ್ಷೆ, ಚಿತ್ರಗಳಿಲ್ಲದ ಕಾಲದಲ್ಲೇ ಬಂತು. ಮಾರ್ಗದರ್ಶಕಿ ಕೋಣೆಯಲ್ಲಿ ಕೂರಬಹುದು, ಮಾತನಾಡುವಂತಿಲ್ಲ. ಪರೀಕ್ಷಕರಲ್ಲಿ ಒಬ್ಬರು ಅವಳ ಅಡಿಟಿಪ್ಪಣಿಯ ಕೊಂಡಿಯೊಂದನ್ನು ಒತ್ತಿದರು. ಪುಟ ತೆರೆಯಲಿಲ್ಲ. ಮತ್ತೊಂದನ್ನು ಒತ್ತಿದರು. “ಈ ತಿದ್ದುಪಡಿ ಗ್ರೀನ್‌ಹಾಲ್‌ನದೇ ಎಂದು ನೀವು ಬರೆದಿದ್ದೀರಿ. ನಾನು ಇದನ್ನು ಪರಿಶೀಲಿಸುವುದು ಹೇಗೆ?” ಪ್ರಶ್ನೆ ನ್ಯಾಯವಾದದ್ದು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅವಳು ಕಾಲಾವಕಾಶ ಕೇಳುತ್ತಾಳೆ, ಅಧ್ಯಾಯ ಮುಂದಕ್ಕೆ ಹೋಗುತ್ತದೆ, ವಿದ್ಯಾರ್ಥಿವೇತನ ಅದರೊಳಗೆ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ತಿಂಗಳುಗಳ ಲೆಕ್ಕ ಹಾಕುತ್ತಿದ್ದೆ. ಬಾಯಿ ತೆರೆಯದೆ ಕೂರುವುದು ಅಷ್ಟು ಕಷ್ಟವೆನಿಸಿದ್ದು ನೌಕರಿಯಲ್ಲಿ ಅದೇ ಮೊದಲು.

ಅವಳು ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಚಿತ್ರಗಳು ಇದ್ದ ಕಾಲದಲ್ಲಿ ಪ್ರತಿಯೊಂದು ಅಂಚಿನ ಗುರುತನ್ನೂ ಪೆನ್ಸಿಲಿನಲ್ಲಿ ಗೆರೆಗೆ ಗೆರೆ ಎಳೆದು ನಕಲು ಮಾಡಿಕೊಂಡಿದ್ದಳು. ಫೋಲಿಯೊ (ಹಾಳೆಯ ಸಂಖ್ಯೆ), ಸಾಲು, ಶಾಯಿಯ ಬಣ್ಣ, ಎಲ್ಲಿ ಅಂಚು ಕತ್ತರಿಸಿಹೋಗಿದೆ, ಎಲ್ಲಿ ತನಗೇ ಅನುಮಾನ, ಎಲ್ಲವೂ ಇತ್ತು. ಪಕ್ಕದಲ್ಲಿ, ವಿಲೇವಾರಿಯಾಗದೆ ಉಳಿದಿದ್ದ ಮೈಕ್ರೋಫಿಲ್ಮಿನಿಂದ ತೆಗೆದ ಮುದ್ರಣಗಳನ್ನು ಇಟ್ಟಳು. ಆ ಕಾಲದ ಬರವಣಿಗೆಯಲ್ಲಿ ಎನ್ ಮತ್ತು ಯು ಎರಡೂ ಎರಡೆರಡು ಗಿಡ್ಡ ಗೀಟುಗಳು. ಕಪ್ಪುಬಿಳುಪು ಫಿಲ್ಮಿನ ಮೇಲೆ ಒಂದು ತರಚು ಬಿದ್ದಿದ್ದರೆ ಅದೂ ಒಂದು ಗೀಟಿನಂತೆಯೇ ಕಾಣುತ್ತದೆ. ಫಿಲ್ಮಿನಲ್ಲಿ ಯಾವುದು ಶಾಯಿ, ಯಾವುದು ತರಚು ಎಂದು ಅವಳು ತನ್ನ ನಕಲನ್ನು ಜೋಡಿಸಿ ತೋರಿಸಿದಳು. ಅಕ್ಷರದ ಬಾಲ ಎತ್ತ ತಿರುಗಿದೆ, ಲೇಖನಿ ಎಲ್ಲಿ ಎತ್ತಿದೆ ಎಂದು ವಿವರಿಸಿದಳು. ಆಮೇಲೆ, ಯಾರೂ ಕೇಳದೆಯೇ, “ಈ ಎರಡು ವಾದಗಳು ಮೂಲವನ್ನು ಕೈಯಲ್ಲಿ ಹಿಡಿಯದೆ ನಿಲ್ಲುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ” ಎಂದಳು. ಅಪ್‌ಗ್ರೇಡ್ ಆಯಿತು. ನನ್ನ ಮಟ್ಟಿಗೆ ಅವಳು ವಿದ್ವಾಂಸೆಯಾದದ್ದು ಆ ವಾಕ್ಯದಲ್ಲಿ.

ಈಗ ನನ್ನ ತರಗತಿಯಲ್ಲಿ ಮೊದಲ ವಾರದಿಂದಲೇ ಪೆನ್ಸಿಲ್ ಕಡ್ಡಾಯ. ಬರೀ ಕೊಂಡಿ ಕೊಟ್ಟರೆ ಉಲ್ಲೇಖವಾಗುವುದಿಲ್ಲ; ಶೆಲ್ಫ್‌ಮಾರ್ಕ್ (ಗ್ರಂಥಾಲಯ ಹಸ್ತಪ್ರತಿಗೆ ಕೊಟ್ಟ ಗುರುತು), ಫೋಲಿಯೊ, ನೋಡಿದ ದಿನಾಂಕ, ಮೂಲ ನೋಡಿದ್ದೋ ಚಿತ್ರ ನೋಡಿದ್ದೋ ಎಂಬುದು ಬೇಕೇ ಬೇಕು. ಹಸ್ತಪ್ರತಿಯ ಪ್ರತಿಗಳು ಹಲವು ಕಡೆ ಹಲವು ರೂಪದಲ್ಲಿ ಇರಬೇಕು ಎಂಬುದನ್ನು ಆಡಳಿತಕ್ಕೆ ಸಭೆಯಿಂದ ಸಭೆಗೆ ಹೇಳುತ್ತಿದ್ದೇನೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ಆರ್‌ಇಎಫ್‌ಗೆ ಲೇಖನದ ಅಂಕ ಬೇಕು. ಆ ಲೇಖನ ಬರೆಯಲು ಬೇಕಾದ ಓದುವ ಕೈಯನ್ನು ತಯಾರು ಮಾಡುವ ವರ್ಷಗಳಿಗೆ ಯಾವ ಕಾಲಮ್ಮೂ ಇಲ್ಲ. ಈ ಅನ್ಯಾಯವನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ.

ಮೈಕ್ರೋಫಿಲ್ಮ್ ಕಪಾಟುಗಳು ಸದ್ಯಕ್ಕೆ ಪಟ್ಟಿಯಿಂದ ಹೊರಗಿವೆ. ಪ್ರವಾಸಧನದ ಅರ್ಜಿಯಲ್ಲಿ ‘ಆಕರ ಅಂತರ್ಜಾಲದಲ್ಲಿ ಲಭ್ಯವೇ?’ ಎಂಬ ಪ್ರಶ್ನೆ ಇನ್ನೂ ಇದೆ. ಈ ಸಲ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರ ಅರ್ಜಿ ಮಂಜೂರಾಗಿದೆ. ಇನ್ನೊಬ್ಬರದು ಅದೇ ಹಳೆಯ ಕಾರಣಕ್ಕೆ ತಿರಸ್ಕೃತವಾಗಿದೆ, ಮೇಲ್ಮನವಿ ಬರೆಯುತ್ತಿದ್ದೇನೆ.