ಟ್ರೌಟ್ ಹೊಳೆಯ ಪಕ್ಕ ಐದು ರಾತ್ರಿ: ಕ್ಯಾಬಿನ್ ಯೋಜನೆ ಎಲ್ಲಿಗೆ ಬಂತು

16 ವಾರ ಬಾಕಿ: ಮೊದಲು ನೀರು

ನಾಲ್ಕು ಜನ, ಐದು ರಾತ್ರಿ, ಬೆಟ್ಟದ ಮೇಲೊಂದು ಮರದ ಕ್ಯಾಬಿನ್, ನಡೆದು ಹೋಗುವ ದೂರದಲ್ಲಿ ಟ್ರೌಟ್ ಇರುವ ಹೊಳೆ. ಇಷ್ಟೇ ಗುರಿ. ಇಂಥ ಪ್ರವಾಸವನ್ನು ಹೆಚ್ಚಿನವರು ಕ್ಯಾಬಿನ್‌ನಿಂದ ಶುರು ಮಾಡುತ್ತಾರೆ. ಫೋಟೊ ನೋಡಿ ಮುಂಗಡ ಕಟ್ಟಿ, ಆಮೇಲೆ ಹತ್ತಿರದ ಹೊಳೆ ಯಾವುದೆಂದು ಹುಡುಕುತ್ತಾರೆ. ಆಗ ಒಳ್ಳೆಯ ಮನೆ ಸಿಕ್ಕೀತು, ಮೀನು ಸಿಗುವುದು ಅದೃಷ್ಟಕ್ಕೆ ಬಿಟ್ಟದ್ದು. ಇಲ್ಲಿನ ಕ್ರಮ ಬೇರೆ: ನೀರು, ತಾರೀಕು, ಕೊನೆಗೆ ಕ್ಯಾಬಿನ್.

ಟ್ರೌಟ್ ತಣ್ಣೀರಿನ ಮೀನು. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಚುರುಕಾಗಿ ಮೇಯುತ್ತದೆ. 5 ಡಿಗ್ರಿಗಿಂತ ಕೆಳಗಿಳಿದರೆ ಮಡುವಿನ ತಳ ಹಿಡಿದು ಕೂರುತ್ತದೆ, 20 ದಾಟಿದರೆ ಉಸಿರಿಗೆ ಕಷ್ಟಪಡುತ್ತದೆ. ಕಾರಣ ಆಮ್ಲಜನಕ. 0 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 20 ಡಿಗ್ರಿಯಲ್ಲಿ 9.1 ಮಾತ್ರ. ಅದೂ ಸಮುದ್ರಮಟ್ಟದ ಲೆಕ್ಕ. 2000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದಿರುವುದರಿಂದ ಇದರಲ್ಲಿ ಐದನೇ ಒಂದು ಪಾಲು ಮತ್ತೆ ಕಳೆಯಬೇಕು. ಹಾಗಾಗಿ "ಬೆಟ್ಟದ ನೀರಲ್ಲವೇ, ತಣ್ಣಗೇ ಇರುತ್ತದೆ" ಎಂದು ನಂಬಿ ಹೋಗುವಂತಿಲ್ಲ. ನೆರಳಿಲ್ಲದ ಅಗಲ ಹೊಳೆ ಬೇಸಿಗೆಯ ಸಂಜೆ ಸುಲಭವಾಗಿ 20 ಮುಟ್ಟುತ್ತದೆ.

ನಕ್ಷೆಯಲ್ಲಿ ಮೂರು ವಿಷಯ ನೋಡಿದ್ದಾಯಿತು. ಒಂದು, ಇಳಿಜಾರು. 20 ಮೀಟರ್ ಅಂತರದ ಎತ್ತರದ ಗೆರೆಗಳು ಹೊಳೆಯನ್ನು ಸುಮಾರು ಒಂದೊಂದು ಕಿಲೋಮೀಟರಿಗೆ ದಾಟುತ್ತಿದ್ದರೆ ಇಳಿಜಾರು ಶೇಕಡ 2. ಅಲ್ಲಿ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುವ ತೆಳುನೀರು, ಮಡು, ಮತ್ತೆ ತೆಳುನೀರು ಹೀಗೆ ಸರದಿಯಲ್ಲಿ ಸಿಗುತ್ತವೆ. ನಡೆಯಲೂ ಗಾಳ ಬೀಸಲೂ ಹಿತವಾದ ಜಾಗ. ಗೆರೆಗಳು 200 ಮೀಟರಿಗೊಂದರಂತೆ ಒತ್ತೊತ್ತಾಗಿದ್ದರೆ ಅದು ಬಂಡೆಯಿಂದ ಬಂಡೆಗೆ ಧುಮುಕುವ ತೊರೆ: ಮೀನು ಇರಬಹುದು, ಆದರೆ ನಾಲ್ವರಿಗೆ ನಿಲ್ಲಲು ನೆಲೆಯಿಲ್ಲ. ಎರಡು, ನೆರಳು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಕಣಿವೆ, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ್ದು. ಮೂರು, ಒರತೆ. ನೆಲದಡಿಯಿಂದ ಬರುವ ನೀರು ವರ್ಷವಿಡೀ ಆ ಊರಿನ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಟ್ರೌಟ್ ಒರತೆ ಸೇರುವ ಬಾಯಿಗೆ ಬಂದು ಗುಂಪುಗಟ್ಟುತ್ತದೆ.

ಹೀಗೆ ನೋಡಿ ಆರಿಸಿಕೊಂಡಿದ್ದ ಎರಡು ಹೊಳೆಗಳಲ್ಲಿ ಬಯಲಲ್ಲಿ ಹರಿಯುವುದನ್ನು ಕೈಬಿಟ್ಟಾಗಿದೆ. ಉಳಿದದ್ದು ಕಾಡಿನ ಹೊಳೆ, ಜೊತೆಗೆ ಮೇಲಿನಿಂದ ಅದಕ್ಕೆ ಸೇರುವ ಒಂದು ಉಪತೊರೆ. ಈ ಉಪತೊರೆಯೇ ಯೋಜನೆಯ ಜೀವ. ಮಳೆ ಬಂದು ದೊಡ್ಡ ಹೊಳೆ ಕೆಂಪಾದರೂ ಸಣ್ಣದು ಬೇಗ ತಿಳಿಯಾಗುತ್ತದೆ. ಎರಡನೆಯ ನೀರಿಲ್ಲದೆ ಐದು ದಿನದ ಪ್ರವಾಸ ಹೂಡಲೇಬಾರದು.

13 ವಾರ ಬಾಕಿ: ತಾರೀಕು

ಹಿಮ ಕರಗಿ ಇಳಿಯುವ ಹೊಳೆಯಾದ್ದರಿಂದ ತಾರೀಕನ್ನು ಹರಿವಿನ ಏರಿಳಿತದ ಗೆರೆಚಿತ್ರ ನಿರ್ಧರಿಸಬೇಕು, ನಮ್ಮ ರಜೆಯಲ್ಲ. ಕರಗುವ ಕಾಲದ ಉಚ್ಚ ಹರಿವು ಇಳಿದು, ನೀರು ಇನ್ನೂ ತಣ್ಣಗಿರುವ ಎರಡು ಮೂರು ವಾರ ಅತ್ಯುತ್ತಮ. ಹೊಳೆಯ ಹರಿವು ಅಳೆಯುವ ಕೇಂದ್ರದ ಹಳೆಯ ವರ್ಷಗಳ ದಾಖಲೆ ಒಂದರ ಮೇಲೊಂದು ಇಟ್ಟು ನೋಡಿದರೆ ಆ ಇಳಿಮುಖ ಕಣ್ಣಿಗೆ ಕಾಣುತ್ತದೆ. ಸರಾಸರಿಯನ್ನು ನಂಬಬೇಡಿ, ನಡುಬೆಲೆಯನ್ನು (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದನ್ನು) ನೋಡಿ. ಒಂದೇ ಒಂದು ಪ್ರವಾಹದ ವರ್ಷ ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತದೆ.

ಮೊಟ್ಟೆಯಿಡುವ ಕಾಲವನ್ನೂ ಬಿಟ್ಟಾಗಿದೆ. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ ಮೊಟ್ಟೆಯಿಡುತ್ತವೆ. ಜಲ್ಲಿಯ ನಡುವೆ ತೊಳೆದಿಟ್ಟಂತೆ ಬೆಳ್ಳಗಿನ ಮಚ್ಚೆ ಕಂಡರೆ ಅದು ಗೂಡು. ಅಲ್ಲಿ ಕಾಲಿಟ್ಟರೆ ಮೊಟ್ಟೆ ನಾಶ. ಪರವಾನಗಿ, ನಿಷೇಧದ ತಿಂಗಳು, ಇಟ್ಟುಕೊಳ್ಳಬಹುದಾದ ಮೀನಿನ ಸಂಖ್ಯೆ ಮತ್ತು ಉದ್ದ, ನೈಜ ಎರೆಗೆ ಅನುಮತಿ ಇದೆಯೇ: ಇಷ್ಟೂ ಬರಹದಲ್ಲಿ ಸಿಕ್ಕಮೇಲೆ ತಾರೀಕು ಗಟ್ಟಿ ಮಾಡಲಾಗಿದೆ.

10 ವಾರ ಬಾಕಿ: ಕ್ಯಾಬಿನ್

ಮಾಲೀಕರಿಗೆ ಕಳಿಸಿದ ಪ್ರಶ್ನೆಗಳಲ್ಲಿ ಹಾಸಿಗೆಯ ವಿಚಾರ ಕೊನೆಯದು. ಮೊದಲನೆಯದು: ಕ್ಯಾಬಿನ್‌ನಿಂದ ನೀರಿನವರೆಗೆ ಎಷ್ಟು ಮೀಟರ್ ಇಳಿಯಬೇಕು? ನಕ್ಷೆಯಲ್ಲಿ 600 ಮೀಟರ್ ದೂರ ಎಂದಿದ್ದರೂ 200 ಮೀಟರ್ ಇಳಿಜಾರಿದ್ದರೆ, ಸಂಜೆ ಒದ್ದೆ ಬೂಟಿನಲ್ಲಿ ಕತ್ತಲಲ್ಲಿ ಹತ್ತುವುದು ಅಪಾಯ. ಎರಡನೆಯದು: ಒದ್ದೆ ಸಾಮಾನು ತೂಗುಹಾಕಲು ಸೂರಿರುವ ಜಗಲಿ ಇದೆಯೇ? ಇಲ್ಲದಿದ್ದರೆ ಎಲ್ಲವೂ ಒಲೆಯ ಮುಂದೆ ಬಂದು ಬೀಳುತ್ತದೆ. ಒಲೆಯ ಬಿಸಿಗೆ ವೇಡರ್‌ನ (ನೀರಿನಲ್ಲಿ ನಿಲ್ಲಲು ತೊಡುವ, ನೀರು ಒಳಬಿಡದ ಉಡುಪಿನ) ಹೊಲಿಗೆ ಪಟ್ಟಿ ಸುಲಿಯುತ್ತದೆ, ಬೂಟಿನ ಅಟ್ಟೆಯ ಅಂಟು ಬಿಡುತ್ತದೆ. ಎರಡು ಮೀಟರ್ ದೂರ ಇಡುವುದು ನಿಯಮ.

ಸೌದೆಯ ಲೆಕ್ಕ: ಶೇಕಡ 20ರಷ್ಟು ತೇವವಿರುವ ಒಣ ಸೌದೆ ಕಿಲೋಗೆ ಸುಮಾರು 4 ಕಿಲೋವ್ಯಾಟ್ ಗಂಟೆ ಶಾಖ ಕೊಡುತ್ತದೆ. ಶೇಕಡ 70 ದಕ್ಷತೆಯ ಒಲೆಯಲ್ಲಿ ಕೋಣೆಗೆ ಬರುವುದು 2.8. 5 ಕಿಲೋವ್ಯಾಟ್ ಒಲೆ ಗಂಟೆಗೆ 1.8 ಕಿಲೋ ತಿನ್ನುತ್ತದೆ. ದಿನಕ್ಕೆ ಆರು ಗಂಟೆ, ಐದು ರಾತ್ರಿ ಎಂದರೆ 54 ಕಿಲೋ. ಮಳೆ ಚಳಿಗೆ ಸೇರಿಸಿ 75 ಕಿಲೋ ಕೇಳಲಾಗಿದೆ. ಎರಡು ತುಂಡು ಬಡಿದಾಗ ಟಣ್ ಎಂದರೆ ಒಣಗಿದೆ, ದಪ್ ಎಂದರೆ ಹಸಿ. ಹಸಿ ಸೌದೆ ಶಾಖ ಕೊಡುವುದಿಲ್ಲ, ಸಾಲದ್ದಕ್ಕೆ ಹೊಗೆಕೊಳವೆಯಲ್ಲಿ ಡಾಂಬರಿನಂಥ ಮಸಿ ಕಟ್ಟಿ ಬೆಂಕಿಗೆ ದಾರಿ ಮಾಡುತ್ತದೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಕ್ಯಾಬಿನ್‌ನಲ್ಲಿ ಇದೆ ಎಂದರೂ ಬ್ಯಾಟರಿಯದೊಂದನ್ನು ನಾವೇ ಒಯ್ಯುವುದು. ಈ ವಿಷಾನಿಲಕ್ಕೆ ವಾಸನೆಯಿಲ್ಲ. ಕ್ಯಾಂಪಿನ ಗ್ಯಾಸ್ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಹಚ್ಚುವಂತಿಲ್ಲ, ಚಳಿ ಎಷ್ಟೇ ಇರಲಿ.

ಕುಡಿಯುವ ನೀರು ತೊರೆಯದು. ತಲೆಗೆ ದಿನಕ್ಕೆ 4 ಲೀಟರ್, ಅಡುಗೆಯೂ ಸೇರಿ ಒಟ್ಟು 80 ಲೀಟರ್. ಕುದಿಸುವುದಾದರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್ ಮೇಲೆ ಮೂರು ನಿಮಿಷ, ಏಕೆಂದರೆ ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಟೊಳ್ಳು ಎಳೆಗಳ ಫಿಲ್ಟರ್ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಒಮ್ಮೆ ನೆನೆದ ಫಿಲ್ಟರ್ ರಾತ್ರಿ ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮಲಗುವಾಗ ಅದು ಸ್ಲೀಪಿಂಗ್ ಬ್ಯಾಗಿನೊಳಗೆ ಇರಬೇಕು.

5 ವಾರ ಬಾಕಿ: ಸಾಮಾನು

ಮೀನು ಹಿಡಿಯುವುದು ಫ್ಲೈಯಿಂದ, ಅಂದರೆ ಹುಳುವಿನಂತೆ ಕಾಣಲು ಗರಿ, ನೂಲು ಸುತ್ತಿದ ಕೊಕ್ಕೆಯಿಂದ. ಹೊಳೆಗೆ 9 ಅಡಿಯ 5 ನಂಬರ್ ಫ್ಲೈ ರಾಡ್ (ನಂಬರ್ ಹೆಚ್ಚಿದಷ್ಟೂ ಭಾರದ ದಾರಕ್ಕೆ), ಉಪತೊರೆಗೆ 7.5 ಅಡಿಯ 3 ನಂಬರ್. ಕೊಂಬೆಗಳ ಕೆಳಗೆ ಉದ್ದ ರಾಡ್ ಹಿಡಿದವರಿಗೆ ಬೀಸುವುದಕ್ಕಿಂತ ಬಿಡಿಸುವುದೇ ಕೆಲಸ. ಲೀಡರ್ (ದಾರದ ಕೊನೆಗೆ ಕಟ್ಟುವ ತೆಳು ಎಳೆ) 9 ಅಡಿ, ತುದಿ 5ಎಕ್ಸ್. ಟಿಪೆಟ್ (ಲೀಡರಿನ ತುದಿಯ ಅತಿ ತೆಳು ತುಂಡು) ಆರಿಸಲು ಸರಳ ಲೆಕ್ಕ: ಫ್ಲೈ ನಂಬರನ್ನು (ನಂಬರ್ ಹೆಚ್ಚಿದಷ್ಟೂ ಫ್ಲೈ ಸಣ್ಣದು) 3ರಿಂದ ಭಾಗಿಸಿ. 15ರ ಹತ್ತಿರದ ಫ್ಲೈಗೆ 5ಎಕ್ಸ್, ಅಂದರೆ 0.15 ಮಿಲಿಮೀಟರ್. ಗಂಟು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಬೇಕು. ಒಣ ಗಂಟು ಉಜ್ಜಿ ಬಿಸಿಯಾಗಿ ದಾರ ಸೊರಗುತ್ತದೆ. ಮೀನು ಕಳೆದುಕೊಂಡ ಗಂಟಿನ ತುದಿ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದು ತಿಳಿಯಿರಿ.

ಟ್ರೌಟ್ ತಿನ್ನುವ ಬಹುಪಾಲು ನೀರಿನೊಳಗೇ. ಆದ್ದರಿಂದ ಡಬ್ಬಿಯಲ್ಲಿ ನಿಂಫ್ (ನೀರೊಳಗಿನ ಮರಿಹುಳುವಿನಂತೆ ಕಟ್ಟಿದ, ಮುಳುಗುವ ಫ್ಲೈ) ಹೆಚ್ಚು: ಫೆಸೆಂಟ್ ಟೇಲ್ 14ರಿಂದ 18, ಹೇರ್ಸ್ ಇಯರ್ 12ರಿಂದ 16, ಪ್ರತಿ ಅಳತೆಯಲ್ಲಿ ನಾಲ್ಕು, ಅರ್ಧದಷ್ಟಕ್ಕೆ ಲೋಹದ ಮಣಿ. ತೇಲುವವು ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್, 14 ಮತ್ತು 16, ಮೂರು ಮೂರು. ನೀರು ಬಣ್ಣಗೆಟ್ಟ ದಿನಕ್ಕೆ 8 ನಂಬರಿನ ವೂಲಿ ಬಗರ್ ಎಂಬ ದೊಡ್ಡ ಫ್ಲೈ ಎರಡು. ಮೊದಲ ದಿನದ ಜೋಡಣೆ: ಮೇಲೆ ಕ್ಯಾಡಿಸ್, ಅದರ ಕೊಕ್ಕೆಯ ಬಾಗಿಗೆ 50 ಸೆಂಟಿಮೀಟರ್ ಟಿಪೆಟ್ ಕಟ್ಟಿ ಕೆಳಗೆ ನಿಂಫ್. ನಿಂಫ್ ಒಮ್ಮೆಯೂ ಕಲ್ಲು ಮುಟ್ಟದಿದ್ದರೆ ಉದ್ದ ಸಾಲದು, ಪ್ರತಿ ಸಲವೂ ಸಿಕ್ಕಿಕೊಂಡರೆ ಹೆಚ್ಚಾಯಿತು. ಎಲ್ಲ ಕೊಕ್ಕೆಗಳ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟ ಮಾಡಿಯಾಗಿದೆ.

ವೇಡರ್ ಪರೀಕ್ಷೆ ಮುಗಿದಿದೆ. ಗಾಳಿಯಾಡುವ ಬಟ್ಟೆಯದನ್ನು ಒಳಮೈ ಹೊರಗೆ ಮಾಡಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿದರೆ ಸೋರುವ ಜಾಗ ಕಪ್ಪು ಚುಕ್ಕೆಯಾಗಿ ತೋರುತ್ತದೆ. ಎರಡು ಚುಕ್ಕೆ ಸಿಕ್ಕವು, ಎರಡೂ ಮೊಣಕಾಲಿನಲ್ಲಿ. ಯುರೆಥೇನ್ ಅಂಟು ಸವರಿ ಪೂರ್ತಿ ಒಂದು ದಿನ ಒಣಗಿಸಲಾಗಿದೆ. ಸೊಂಟದ ಪಟ್ಟಿಯಿಲ್ಲದೆ ವೇಡರ್ ತೊಟ್ಟು ನೀರಿಗಿಳಿಯುವುದು ಬೇಡ, ಬಿದ್ದರೆ ಒಳಗೆ ನೀರು ತುಂಬಿ ಏಳಲಾಗದು. ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಅಟ್ಟೆ ಬಂಡೆಯ ಮೇಲೆ ಹಿಡಿತ ಕೊಡುತ್ತದೆ ನಿಜ, ಆದರೆ ಅದರ ಎಳೆಗಳಲ್ಲಿ ಬೇರೆ ನೀರಿನ ಪಾಚಿ ಜೀವಂತವಾಗಿ ಕೂತಿರುತ್ತದೆ. ನ್ಯೂಜಿಲೆಂಡ್ 2008ರಲ್ಲಿ ಅದನ್ನು ನಿಷೇಧಿಸಿತು. ಇಲ್ಲಿ ರಬ್ಬರ್ ಅಟ್ಟೆ, ಜೊತೆಗೆ ಊರುಗೋಲು.

ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರಿಗೆ ರಬ್ಬರ್ ಬಲೆಯೇ ಬೇಕು, ನೂಲಿನ ಗಂಟು ಮೈಮೇಲಿನ ಲೋಳೆಯನ್ನು ಕೆರೆದುಹಾಕುತ್ತದೆ. ಕೈ ಒದ್ದೆ ಮಾಡಿಯೇ ಮುಟ್ಟುವುದು, ಫೋಟೊ ಬೇಕೆಂದರೆ ನೀರಿನಿಂದ ಹೊರಗೆ ಹತ್ತು ಸೆಕೆಂಡು, ಅದಕ್ಕಿಂತ ಹೆಚ್ಚಿಲ್ಲ.

ಕೊನೆಯ ವಾರ: ದಿನದ ಗಡಿಯಾರ

ಹಿಮದ ನೀರು ಮಧ್ಯಾಹ್ನ ಕರಗಿ ಸಂಜೆ ಹೊತ್ತಿಗೆ ಹೊಳೆಗೆ ಇಳಿಯುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ದಾಟು ಸಂಜೆ ತೊಡೆ ಮುಟ್ಟಬಹುದು. ಆಚೆ ದಡದ ಮೀನುಗಾರಿಕೆಯನ್ನೆಲ್ಲ ಅದಕ್ಕೇ ಬೆಳಗಿನ ಪಾಳಿಗೆ ಇಟ್ಟಿದ್ದು, ಮಧ್ಯಾಹ್ನ ಒಂದಕ್ಕೆ ಎಲ್ಲರೂ ಕ್ಯಾಬಿನ್ ಇರುವ ದಡದಲ್ಲಿ. ಗುಡುಗು ಕೇಳಿಸಿದರೆ ರಾಡ್ ಕೆಳಗಿಟ್ಟು ನೀರಿನಿಂದ ಹೊರಬರುವುದು: ರಾಡಿನ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ.

ಥರ್ಮಾಮೀಟರನ್ನು ನೆರಳಿನಲ್ಲಿ, ಹರಿಯುವ ನೀರಿನಲ್ಲಿ, ಮೊಣಕೈ ಆಳಕ್ಕೆ ಎರಡು ನಿಮಿಷ ಹಿಡಿಯಬೇಕು. ದಡದ ನಿಂತ ನೀರಿನ ಅಳತೆ ಸುಳ್ಳು ಹೇಳುತ್ತದೆ. ಅತಿ ತಂಪು ಸೂರ್ಯೋದಯದ ಸುಮಾರಿಗೆ, ಅತಿ ಬಿಸಿ ಇಳಿಹೊತ್ತಿಗೆ. 18 ಡಿಗ್ರಿ ಬಂದರೆ ಉಪತೊರೆಗೆ ಹೋಗುವುದು, 20 ಬಂದರೆ ಆ ದಿನಕ್ಕೆ ಗಾಳ ಸುತ್ತಿಡುವುದು.

ಬಾಕಿ ಇರುವುದು ಒಂದೇ ಕೆಲಸ. ಹೊರಡುವ ಮುನ್ನ ಮೂರು ದಿನ ಬೆಳಿಗ್ಗೆ ಹರಿವಿನ ಅಂಕಿ ಬರೆದಿಡಬೇಕು. ಆ ತಾರೀಕಿನ ನಡುಬೆಲೆಯ ಒಂದೂವರೆ ಪಟ್ಟಿಗಿಂತ ಕೆಳಗಿದ್ದು ಇಳಿಯುತ್ತಿದ್ದರೆ ಮೊದಲ ದಿನ ದೊಡ್ಡ ಹೊಳೆ. ಏರುತ್ತಿದ್ದರೆ 3 ನಂಬರ್ ರಾಡ್ ಚೀಲದ ಮೇಲ್ಗಡೆ, ನೇರ ಉಪತೊರೆಗೆ.